ಒರೆಸಪ್ಪನ ಉಸಿರು

ತನ್ನ ಕನ್ನಡಕದ ಅಂಗಡಿಯೊಳಗೆ ಎಲ್ಲೋ ಇಲಿ ಸತ್ತಿದೆ ಎಂದು ಅವನು ತೀರ್ಮಾನಿಸಿದ್ದು ಗಿರಾಕಿಗಳ ಮುಖ ನೋಡಿ. ಅಂಗಡಿಯ ಹಿಂಬದಿಯಲ್ಲಿ ಕಣ್ಣು ಪರೀಕ್ಷೆಗೆಂದು ಒಂದು ಕತ್ತಲೆ ಕೋಣೆಯಿತ್ತು. ಕಿಟಕಿಯಿಲ್ಲ, ಬಾಗಿಲಿಗೆ ದಪ್ಪ ಕಪ್ಪು ಪರದೆ. ಎದುರುಬದುರು ಎರಡು ಕುರ್ಚಿ ಹಾಕಿದರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಜಾಗ. ಅಲ್ಲಿ ಕೂತವರು ಈಚೆಗೆ ಒಬ್ಬರಾದ ಮೇಲೊಬ್ಬರು ಮುಖ ಸಿಂಡರಿಸತೊಡಗಿದ್ದರು. ಒಬ್ಬ ಹೆಂಗಸು ಎಡಗಣ್ಣಿನ ಪರೀಕ್ಷೆ ಮುಗಿಯುವ ಮೊದಲೇ "ಒಂದ್ನಿಮಿಷ ಬಂದೆ" ಎಂದು ಹೊರಗೆ ಹೋದವಳು ತಿರುಗಿ ಬರಲಿಲ್ಲ. ಪೋಸ್ಟಾಫೀಸಿನ ಹಳೆಯ ಗುಮಾಸ್ತನೊಬ್ಬ ಮಾತ್ರ ಕರವಸ್ತ್ರ ಮೂಗಿಗೆ ಹಿಡಿದು, "ಏನೋ ಸತ್ತಿದೆ ಇಲ್ಲಿ, ನೋಡಿಸಿ ಸ್ವಾಮಿ" ಎಂದು ಹೇಳಿ ಹೋದ.

ಕೊಳಕೆಂದರೆ ಅವನಿಗೆ ಆಗುತ್ತಿರಲಿಲ್ಲ. ಬೀದಿಯವರು ಅವನ ಬೆನ್ನ ಹಿಂದೆ ಇಟ್ಟ ಹೆಸರೇ ಒರೆಸಪ್ಪ. ಕೌಂಟರಿನ ಗಾಜಿನ ಮೇಲೆ ಯಾರಾದರೂ ಬೆರಳಿಟ್ಟರೆ ಅವರೆದುರಿಗೇ ಒರೆಸುತ್ತಿದ್ದ. ಪರೀಕ್ಷೆಗೆ ಹಾಕುವ ಫ್ರೇಮನ್ನು ಒಬ್ಬರ ಮೂಗಿನಿಂದ ತೆಗೆದು ಇನ್ನೊಬ್ಬರ ಮೂಗಿಗೆ ಹಾಕುವ ಮುನ್ನ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಎರಡು ಸಲ ಒರೆಸುತ್ತಿದ್ದ. ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದು ಕೂತ ಮೇಲೆ ಹೆಂಡತಿಗೆ ಆ ದಿನದ ವರದಿ ಒಪ್ಪಿಸುವುದು ವಾಡಿಕೆ. ಯಾರ ಕಿವಿಯ ಹಿಂದೆ ಮಣ್ಣು ಇತ್ತು, ಯಾರ ಬಾಯಲ್ಲಿ ಹಿಂದಿನ ದಿನದ ಈರುಳ್ಳಿ ಇತ್ತು, ಯಾರು ಹಲ್ಲುಜ್ಜಿ ಎಷ್ಟು ಕಾಲವಾಗಿರಬಹುದು. ಹೆಂಡತಿ ಹೂಂ ಎನ್ನುತ್ತ ಬಡಿಸುತ್ತಿದ್ದಳು.

ಇಲಿಯನ್ನು ಅವನು ಬಿಡದೆ ಹುಡುಕಿದ. ಬೀರುಗಳನ್ನು ಗೋಡೆಯಿಂದ ಜರುಗಿಸಿದ. ಲೆನ್ಸು ತೀಡುವ ಯಂತ್ರದ ಅಡಿಯ ತಟ್ಟೆ ಬಿಚ್ಚಿ ಅದರ ಬಿಳಿ ಕೆಸರನ್ನು ತಾನೇ ಕೆರೆದು ತೊಳೆದ. ಬಡಗಿಯನ್ನು ಕರೆಸಿ ಹಲಗೆಯ ನೆಲ ಎಬ್ಬಿಸಿದ. ಕೆಳಗೆ ಸಿಕ್ಕಿದ್ದು ಸ್ಕ್ರೂಗಳು, ಒಂದು ಬಾಚಣಿಗೆ, ಧೂಳು. ಬಡಗಿ ಮೊಣಕಾಲೂರಿ ಬಗ್ಗಿದ್ದವನು ಎದ್ದು ನಿಂತು, ಇವನ ಮುಖದ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದ. ತಕ್ಷಣ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಇಲ್ಲಿ ಏನೂ ಸತ್ತಿಲ್ಲ ಸ್ವಾಮಿ," ಎಂದ, ಪಕ್ಕಕ್ಕೆ ನೋಡುತ್ತ.

"ಹಾಗಾದ್ರೆ ವಾಸನೆ ಎಲ್ಲಿಂದ?"

"ನಂಗೇನ್ ಗೊತ್ತು. ನಾನು ಮರದ ಕೆಲ್ಸದವ್ನು."

ಹಲಗೆಗಳನ್ನು ಮೊದಲಿದ್ದ ಹಾಗೇ ಬಡಿದು ಕೂರಿಸಿ ಹೋದ.

ಗುಟ್ಟು ಒಡೆದದ್ದು ಅಕ್ಕ. ಅವನಿಗಿಂತ ಹಿರಿಯಳು, ಬಾಯಿಗೆ ಫಿಲ್ಟರಿಲ್ಲದವಳು. ಓದುವ ಕನ್ನಡಕ ಬದಲಿಸಬೇಕೆಂದು ಅಂಗಡಿಗೆ ಬಂದಿದ್ದಳು. ಅವನು ಕತ್ತಲೆ ಕೋಣೆಯಲ್ಲಿ ಅವಳ ಎದುರಿಗೆ ಕೂತು, ಪುಟ್ಟ ಟಾರ್ಚು ಹಿಡಿದು, "ಅಲುಗಾಡ್ಬೇಡ, ನನ್ನ ಕಿವಿ ನೋಡು" ಎಂದು ಬಾಗಿದ. ಅಕ್ಕ ಅಂಗೈಯಿಂದ ಅವನ ಎದೆಯನ್ನು ದೂಡಿಬಿಟ್ಟಳು.

"ಥೂ! ಏನೋ ಇದು? ಬಾಯಲ್ಲಿ ಏನಿಟ್ಕೊಂಡಿದ್ದೀಯ?"

"ಅದೇ ಅಕ್ಕ, ಅಂಗಡೀಲಿ ಇಲಿ ಸತ್ತಿದೆ. ಎಷ್ಟು ಹುಡುಕಿದ್ರೂ..."

"ಇಲಿ ಸತ್ತಿರೋದು ಅಂಗಡೀಲಲ್ಲ ಕಣೋ, ನಿನ್ನ ಹೊಟ್ಟೇಲಿ. ಇಲ್ಲಾ ಎದೇಲಿ. ನಿನ್ನ ಉಸಿರೇ ನಾರ್ತಿದೆ. ನಿನ್ನ ಹೆಂಡ್ತಿ ಹೇಗೆ ತಡ್ಕೊಂಡಿದ್ದಾಳೆ?"

ಅವನು ಟಾರ್ಚು ಆರಿಸಿದ. ಕತ್ತಲಲ್ಲಿ ಕೂತೇ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಉಸಿರು ಬಿಟ್ಟು ಮೂಸಿದ. ಏನೂ ತಿಳಿಯಲಿಲ್ಲ. ಆರು ತಿಂಗಳಿಂದ ಬಿಡದ ಕೆಮ್ಮಿತ್ತು, ಅದು ನಿಜ. ಮೂರ್ನಾಲ್ಕು ಬಾಟಲಿ ಸಿರಪ್ಪು ಕುಡಿದಿದ್ದ. ಬೆಳಿಗ್ಗೆ ಕಫ ಬರುತ್ತಿತ್ತು. ಅದನ್ನು ಅವನು ಕಣ್ಣು ಮುಚ್ಚಿಕೊಂಡು ಉಗಿದು, ನಲ್ಲಿ ಪೂರ್ತಿ ತಿರುಗಿಸಿ, ನೀರು ಹೋದ ಮೇಲೆ ಕಣ್ಣು ಬಿಡುತ್ತಿದ್ದ. ತನ್ನ ಮೈಯಿಂದ ಬಂದದ್ದನ್ನೂ ನೋಡಲಾರದ ಮನುಷ್ಯ.

ಅಂದು ಅಂಗಡಿ ಬೇಗ ಮುಚ್ಚಿ ಮನೆಗೆ ಬಂದ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಸ್ವಲ್ಪ ಕಾಲದಿಂದ ಅವಳು ನಡುಮನೆಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದಳು, ಅವನ ಕೆಮ್ಮಿಗೆ ನಿದ್ದೆ ಕೆಡುತ್ತದೆ ಎಂಬ ಕಾರಣ ಕೊಟ್ಟು.

"ನನ್ನ ಬಾಯಿ ವಾಸನೆ ಬರುತ್ತಾ?" ಎಂದು ಬಾಗಿಲಲ್ಲೇ ನಿಂತು ಕೇಳಿದ.

ಅವಳು ಅಂಗಿಯೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಒಂದೇ ಮನೇಲಿ ಇದ್ದೀವಲ್ಲ."

"ಮತ್ತೆ ಹೇಳ್ಬಾರ್ದಾ?"

"ಹೇಗೆ ಹೇಳ್ಲಿ ರೀ?" ಅವಳ ದನಿ ಏರಿತು. "ದಿನಾ ಸಂಜೆ ಬಂದು ಅವ್ರ ಬಾಯಿ ಹಾಗೆ, ಇವ್ರ ಬಾಯಿ ಹೀಗೆ ಅಂತ ಹೇಳ್ತಿದ್ರಿ. ಅಂಥೋರಿಗೆ ನಾನು ಏನಂತ ಹೇಳ್ಲಿ? ನೀವೂ ಹಾಗೇ ಆಗಿದ್ದೀರಿ ಅಂತಾನಾ? ಎರಡು ಸಲ ಬಾಯಿವರೆಗೂ ಬಂತು. ನುಂಗ್ಕೊಂಡೆ."

ಅವನು ಬಚ್ಚಲಿಗೆ ಹೋಗಿ ನಾಲಿಗೆಯನ್ನು ರಕ್ತ ಬರುವವರೆಗೆ ಕೆರೆದ. ರಾತ್ರಿ ಊಟವನ್ನು ತಟ್ಟೆಗೆ ಹಾಕಿಕೊಂಡು ಕಿಟಕಿಯ ಹತ್ತಿರ ಒಬ್ಬನೇ ಕೂತು ಉಂಡ. ಅವಳು ಬೇಡ ಎನ್ನಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮೊದಲು ಹಲ್ಲಿನ ಡಾಕ್ಟರು. ಆತ ಹಲ್ಲುಗಳನ್ನೆಲ್ಲ ತಿಕ್ಕಿ ಶುಚಿ ಮಾಡಿ, ಒಂದು ದವಡೆ ಹಲ್ಲಿನ ಮೇಲೆ ಸಂಶಯಪಟ್ಟು ಅದನ್ನು ಕಿತ್ತೂ ಹಾಕಿದ. ಹಲ್ಲು ಹೋಯಿತು, ನಾತ ಉಳಿಯಿತು. "ಇದು ಬಾಯಿಂದ ಬರ್ತಿರೋದಲ್ಲ, ಕೆಳಗಿಂದ ಬರ್ತಿದೆ" ಎಂದು ಆತ ಎದೆಯ ಡಾಕ್ಟರಮ್ಮನ ಬಳಿಗೆ ಕಳಿಸಿದ. ಡಾಕ್ಟರಮ್ಮ ಮೊದಲು ಕೇಳಿದ್ದು ಕಫವನ್ನು. ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ಇದರಲ್ಲಿ ತನ್ನಿ ಎಂದರು. ಮರುದಿನ ಬೆಳಿಗ್ಗೆ ಅವನು ಮೊದಲ ಸಲ ಕಣ್ಣು ಬಿಟ್ಟುಕೊಂಡು ಉಗಿದ. ಬೂದು ಬಣ್ಣದ ಗಟ್ಟಿ ಲೋಳೆ, ನಡುವೆ ಹಸಿರು ಎಳೆ. ಡಬ್ಬಿಯ ಗೋಡೆಗೆ ಅಂಟಿ ನಿಧಾನವಾಗಿ ಇಳಿಯಿತು. ಮುಚ್ಚಳವನ್ನು ಎರಡೆರಡು ಸಲ ತಿರುಗಿಸಿ ಬಿಗಿದ. ಡಬ್ಬಿಯನ್ನು ಒಂದರ ಮೇಲೊಂದು ಕವರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಲಾಗದೆ ಕೈಯಲ್ಲಿ ಚಾಚಿ ಹಿಡಿದುಕೊಂಡೇ ಹೋದ. ಪಕ್ಕದಲ್ಲಿ ಕೂತಿದ್ದವರು ತಿಂಡಿಯೇನೋ ಎಂದುಕೊಂಡಿರಬೇಕು.

ಕಫದಲ್ಲಿ ಕ್ಷಯವಿರಲಿಲ್ಲ. ಸ್ಕ್ಯಾನ್ ಮಾಡಿಸಿದರು. ಅದರ ಚಿತ್ರ ಬಂದ ದಿನ ಹೆಂಡತಿಯೂ ಜೊತೆಗೆ ಹೋದಳು.

ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು. "ನೋಡಿ, ಗಂಟಲಿಂದ ಕೆಳಗೆ ಬರೋದು ಇದು, ಶ್ವಾಸನಾಳ. ಎದೆ ನಡುವೆ ಬಂದು ಎರಡಾಗುತ್ತೆ, ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಕವಲು ಒಡೀತಾ ಹೋಗುತ್ತೆ. ನಿಮ್ಗೆ ಬಲಗಡೆ ಕೆಳಗಿನ ಕವಲು ಇಲ್ಲಿ ಮುಚ್ಕೊಂಡಿದೆ. ಅದ್ರ ಹಿಂದೆ ಕಫ ನಿಂತು ಕೊಳೀತಿದೆ. ಕಟ್ಟಿಕೊಂಡ ಚರಂಡಿ ಅಂದ್ಕೊಳ್ಳಿ."

ಚರಂಡಿ ಎಂಬ ಮಾತಿಗೆ ಅವನ ಕಿವಿ ಬಿಸಿಯಾಯಿತು. "ಮುಚ್ಚಿರೋದು ಏನು?" ಎಂದ.

"ಇಲ್ಲೊಂದು ಬಿಳಿ ಚುಕ್ಕೆ ಇದೆ. ಗಡ್ಡೆ ಆಗಿರ್ಬಹುದು. ಹೊರಗಿನ ವಸ್ತು ಏನಾದ್ರೂ ಸಿಕ್ಕಿಹಾಕ್ಕೊಂಡಿರ್ಬಹುದು. ಒಳಗೆ ಹೋಗಿ ನೋಡದೆ ಹೇಳೋಕಾಗಲ್ಲ. ಬ್ರಾಂಕೋಸ್ಕೋಪಿ ಮಾಡ್ಬೇಕು. ತುದೀಲಿ ಕ್ಯಾಮರಾ ಇರೋ ಸಣ್ಣ ಪೈಪು. ಬಾಯಿ ಮೂಲಕ ಇಳಿಸ್ತೀವಿ."

"ಉಸಿರು ಕಟ್ಟಲ್ವಾ?"

"ನಿಮ್ಮ ಶ್ವಾಸನಾಳ ಹೆಬ್ಬೆರಳಿನಷ್ಟು ದಪ್ಪ ಇದೆ. ಪೈಪು ಪೆನ್ಸಿಲ್‌ಗಿಂತ ತೆಳು. ಪಕ್ಕದಲ್ಲಿ ಗಾಳಿ ಆಡೋಕೆ ಬೇಕಾದಷ್ಟು ಜಾಗ ಇರುತ್ತೆ. ಮೂಗಿಗೆ ಆಕ್ಸಿಜನ್ ಕೊಟ್ಟಿರ್ತೀವಿ. ಆದ್ರೂ ನಿಮ್ಗೆ ಕಟ್ಟಿದ ಹಾಗೆ ಅನ್ಸುತ್ತೆ. ಅನ್ಸೋದೇ ಬೇರೆ, ಆಗೋದೇ ಬೇರೆ. ಅದನ್ನ ನೆನಪಿಟ್ಕೊಳ್ಳಿ. ಗಂಟಲಿಗೆ ಮರಗಟ್ಟೋ ಔಷಧಿ ಸ್ಪ್ರೇ ಮಾಡ್ತೀವಿ, ತೂಕಡಿಕೆ ಬರೋಕೆ ಇಂಜೆಕ್ಷನ್ ಕೊಡ್ತೀವಿ. ಮಾತಾಡೋಕಾಗಲ್ಲ. ಏನಾದ್ರೂ ತೊಂದ್ರೆ ಆದ್ರೆ ಕೈ ಎತ್ತಿ."

ಅವನು, "ಆ ಪೈಪು... ನನಗಿಂತ ಮೊದ್ಲು ಯಾರ ಗಂಟಲಿಗೆ ಹೋಗಿರುತ್ತೆ?" ಎಂದು ಕೇಳಿದ.

ಹೆಂಡತಿ ಸ್ಕ್ಯಾನಿನ ಖಾಲಿ ಲಕೋಟೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಡಾಕ್ಟರಮ್ಮ ನಗಲಿಲ್ಲ. "ಬೇರೆ ರೋಗಿಗಳ ಗಂಟಲಿಗೇ. ಪ್ರತಿ ಸಲ ಬ್ರಷ್ ಹಾಕಿ ಒಳಗೆ ತೊಳೆದು, ಕ್ರಿಮಿ ಸಾಯೋ ದ್ರಾವಣದಲ್ಲಿ ಮುಳುಗಿಸಿ ಇಟ್ಟು, ಒಣಗಿಸಿ ತೆಗೀತೀವಿ. ನಿಮ್ಮನೆ ಚಮಚಕ್ಕಿಂತ ಶುಚಿಯಾಗಿರುತ್ತೆ."

"ನಮ್ಮನೆ ಚಮಚ ನೀವು ನೋಡಿಲ್ಲ," ಎಂದ. ಹೆದರಿಕೆಯಲ್ಲೂ ಅವನಿಗೆ ಆ ವಿಷಯದಲ್ಲಿ ಸೋಲಲು ಮನಸ್ಸಿರಲಿಲ್ಲ.

"ಸರಿ. ಈಗ ಇನ್ನೊಂದು. ಯಾವಾಗ್ಲಾದ್ರೂ ಊಟ ಮಾಡುವಾಗ ಜೋರಾಗಿ ನೆತ್ತಿ ಹತ್ತಿತ್ತಾ?"

"ನೆತ್ತಿ ಹತ್ತೋದು ಎಲ್ರಿಗೂ ಇದ್ದದ್ದೇ. ಅಂಥದ್ದೇನೂ ಇಲ್ಲ."

"ಹತ್ತಿತ್ತು," ಎಂದಳು ಹೆಂಡತಿ.

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಡಾಕ್ಟರಮ್ಮನಿಗೆ ಮಾತ್ರ ಹೇಳತೊಡಗಿದಳು. "ಇವ್ರ ಅಕ್ಕನ ಮನೇಲಿ. ಕೋಳಿ ಮಾಡಿದ್ರು. ಇವ್ರ ಭಾವನಿಗೆ ಮೂಳೆ ಚೀಪೋ ಅಭ್ಯಾಸ, ಸ್ವಲ್ಪ ಸದ್ದು ಮಾಡ್ತಾರೆ. ಅವ್ರು ಕೈ ತೊಳೆಯೋಕೆ ಎದ್ದು ಹೋದ್ರು. ಇವ್ರು ಅವರನ್ನ ಅಣಕಿಸೋಕೆ ಹೋದ್ರು. ಒಂದು ಮೂಳೆ ಬಾಯಿಗಿಟ್ಕೊಂಡು, ಕಣ್ಣು ಮುಚ್ಚಿ, ಸುರ್ ಅಂತ ಎಳೆದ್ರು. ಅಕ್ಕಾನೂ ನಕ್ರು, ನಾನೂ ನಕ್ಕೆ. ಆಗ್ಲೇ ನೆತ್ತಿಗೇರಿದ್ದು. ಮುಖ ನೀಲಿಯಾಗಿ ಹೋಗಿತ್ತು. ಆ ಭಾವನೇ ಓಡಿ ಬಂದು ಬೆನ್ನು ಗುದ್ದಿದ್ರು. ಆಮೇಲೆ ಸರಿಹೋಯ್ತು ಅಂದ್ಕೊಂಡ್ವಿ. ಕೆಮ್ಮು ಶುರುವಾದದ್ದು ಅದಾದ್ಮೇಲೇ."

ಅವನಿಗೆ ಎಲ್ಲವೂ ನೆನಪಿಗೆ ಬಂತು. ನೆನಪಿರಲಿಲ್ಲ ಎಂದಲ್ಲ, ಅದನ್ನು ಕೆಮ್ಮಿನ ಜೊತೆ ಸೇರಿಸಿ ನೋಡಲು ಮನಸ್ಸು ಒಪ್ಪಿರಲಿಲ್ಲ. ಡಾಕ್ಟರಮ್ಮ ಬರೆದುಕೊಂಡರು. "ಬಲಗಡೆ ನಾಳ ಎಡದಕ್ಕಿಂತ ನೇರ, ಅಗಲ. ಒಳಗೆ ಬಿದ್ದದ್ದು ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತೆ. ಮೂಳೆ ಆಗಿದ್ರೆ ಒಳ್ಳೇದು. ಆದ್ರೆ ಖಚಿತ ಇಲ್ಲ. ಗಡ್ಡೆ ಅಂತಾನೂ ಮನಸ್ಸು ಗಟ್ಟಿ ಮಾಡ್ಕೊಂಡಿರಿ."

ಹೊರಡುವ ಮುನ್ನ ನರ್ಸಮ್ಮ ಏನೇನು ಮಾಡಬೇಕೆಂದು ಹೇಳಿದಳು. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ಮೊದಲೇ ಪರೀಕ್ಷೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಈಗಲೇ ಹೇಳಬೇಕು. ಹಿಂದಿನ ರಾತ್ರಿ ಹಗುರಾಗಿ ಊಟ, ಆಮೇಲೆ ಏನೂ ತಿನ್ನುವಂತಿಲ್ಲ, ಬೆಳಿಗ್ಗೆ ಕಾಫಿಯೂ ಇಲ್ಲ. "ಹೊಟ್ಟೇಲಿ ಏನಾದ್ರೂ ಇದ್ರೆ ವಾಂತಿಯಾಗಿ ಅದೂ ಶ್ವಾಸಕೋಶಕ್ಕೇ ಹೋಗುತ್ತೆ. ಆಮೇಲೆ ಒಂದಕ್ಕೆ ಎರಡು," ಎಂದಳು. ಕಟ್ಟಿಸಿದ ಹಲ್ಲಿದ್ದರೆ ತೆಗೆಯಬೇಕು. ಮನೆಗೆ ಕರೆದೊಯ್ಯಲು ಒಬ್ಬರು ಬರಲೇಬೇಕು.

ಹಲ್ಲಿನ ಮಾತು ಬಂದಾಗ ಅವನು ಹೆಂಡತಿಯ ಕಡೆ ನೋಡಲಿಲ್ಲ. ಅವನ ಮುಂದಿನ ಮೂರು ಹಲ್ಲು ಕಟ್ಟಿಸಿದವು, ತೆಗೆದು ಹಾಕುವ ಪುಟ್ಟ ತಟ್ಟೆಗೆ ಜೋಡಿಸಿದವು. ಪ್ರಾಯದಲ್ಲೇ ಸೈಕಲ್ಲಿನಿಂದ ಬಿದ್ದು ಕಳಕೊಂಡದ್ದು. ಅದು ಅವಳಿಗೆ ಗೊತ್ತಿತ್ತು. ಆದರೆ ಮದುವೆಯಾದಂದಿನಿಂದ ಅವನು ಬಚ್ಚಲಿನ ಚಿಲಕ ಹಾಕಿಕೊಳ್ಳದೆ ಆ ತಟ್ಟೆಯನ್ನು ಬಾಯಿಂದ ತೆಗೆದವನಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಇಬ್ಬರೂ ಗಂಜಿ ಕುಡಿದು ಕೂತಿದ್ದರು. ಅವನು ಕಿಟಕಿಯ ಬಳಿ, ಅವಳು ಬಾಗಿಲ ಬಳಿ. ಅವನಾಗಿಯೇ ಮಾತು ತೆಗೆದ.

"ಗಡ್ಡೆ ಆಗಿದ್ರೇ ಒಳ್ಳೇದು."

"ಏನಂದ್ರಿ?"

"ಗಡ್ಡೆ ಆದ್ರೆ ಮರ್ಯಾದೆ ಇದೆ. ಜನ ಬಂದು ನೋಡ್ತಾರೆ, ಪಾಪ ಅಂತಾರೆ. ಇದು ಕೊಳೆತ ಮೂಳೆ ಅಂತಾದ್ರೆ ಏನಂತ ಹೇಳ್ಕೊಳ್ಲಿ? ಭಾವನ್ನ ಅಣಕಿಸೋಕೆ ಹೋಗಿ ಮೂಳೆ ನುಂಗ್ದೆ, ಅದು ಎದೇಲಿ ಕೊಳೀತು, ಬೀದಿಗೆಲ್ಲ ನಾತ ಹೊಡೀತು ಅಂತಾನಾ?"

ಅವಳು ಎದ್ದು ಬಂದಳು. ಸಿಟ್ಟಿನಲ್ಲಿ ಮರೆತೇ ತೀರಾ ಹತ್ತಿರ ಬಂದುಬಿಟ್ಟಳು; ಆಮೇಲೆ ನಾತ ಬಡಿದು ಮುಖ ಆಚೆ ತಿರುಗಿಸಿ, ಹಾಗೆ ತಿರುಗಿಕೊಂಡೇ ಬೈದಳು. "ನಿಮ್ಗೆ ಸಾಯೋದಾದ್ರೂ ಸರಿ, ಅಸಹ್ಯ ಆಗ್ಬಾರ್ದು ಅಲ್ವಾ? ನಾನು ಇಲ್ಲಿ ಮೂಳೆ ಆಗ್ಲಿ ಮೂಳೆ ಆಗ್ಲಿ ಅಂತ ಕಂಡ ದೇವರಿಗೆಲ್ಲ ಕೈ ಮುಗೀತಿದ್ದೀನಿ. ನಾತ ಹೊಡೀಲಿ. ಮನೆ ತುಂಬ ಹೊಡೀಲಿ. ಅಂಥ ಮಾತು ಇನ್ನೊಂದ್ಸಲ ಆಡಿದ್ರೆ ನಾಳೆ ನೀವೊಬ್ರೇ ಹೋಗಿ."

ಅವನು ಎದ್ದು ಗಂಜಿಯ ಬಟ್ಟಲುಗಳನ್ನು ತೊಳೆಯಲು ಹೋದ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಸಿರು ಗೌನು ಕೊಟ್ಟರು. ಹಿಂದೆ ದಾರ ಕಟ್ಟುವಂಥದ್ದು, ಎಷ್ಟೋ ಸಲ ಒಗೆದು ಒಗೆದು ಮೆತ್ತಗಾಗಿತ್ತು. ಕಂಕುಳ ಹತ್ತಿರ ಹೋಗದ ಕಂದು ಕಲೆಯೊಂದಿತ್ತು. ಅದು ಯಾರದು, ಯಾತರದು ಎಂದು ಯೋಚಿಸದಿರಲು ಅವನು ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ದಿಟ್ಟಿಸಿದ. ನರ್ಸಮ್ಮ ಬಂದು, "ಹಲ್ಲು ತೆಗೆದು ಮನೆಯವ್ರ ಹತ್ರ ಕೊಡಿ" ಎಂದಳು.

"ಬಚ್ಚಲು ಎಲ್ಲಿದೆ?"

"ಇಲ್ಲೇ ತೆಗೀರಿ. ಒಳಗೆ ಕರೀತಿದ್ದಾರೆ."

ಅವನು ಗೋಡೆಗೆ ಮುಖ ಮಾಡಿ ತೆಗೆದ. ಎಂಜಲಿನ ಎಳೆಯೊಂದು ತುಟಿಯಿಂದ ಹಲ್ಲಿನ ತಟ್ಟೆಯವರೆಗೆ ಜೋತು ಬಿತ್ತು. ಕರವಸ್ತ್ರ ಹುಡುಕುತ್ತ ಗೌನಿಗೆ ಜೇಬಿಲ್ಲವೆಂಬುದು ಗೊತ್ತಾಗಿ, ಏನು ಮಾಡುವುದೆಂದು ತಿಳಿಯದೆ, ತಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಂತ. ಹೆಂಡತಿ ಹಿಂದಿನಿಂದ ಕೈ ಚಾಚಿದಳು. ಬರಿಗೈ.

"ಕೊಡಿ."

"ಒರೆಶಿ... ತೊಳೆದು ಕೊಡ್ತೀನಿ..." ಹಲ್ಲಿಲ್ಲದ ಬಾಯಲ್ಲಿ ಮಾತು ಸೋರಿತು.

"ಕೊಡಿ ಅಂದೆ."

ಕೊಟ್ಟ. ಅವಳು ಮುಖ ಕಿವುಚಿಕೊಂಡಳು, ಅದನ್ನು ಮುಚ್ಚಿಡಲಿಲ್ಲ. ಆದರೆ ಬೆರಳು ಮಡಚಿ ಹಿಡಿದುಕೊಂಡಳು.

ಒಳಗೆ ಮಂಚದ ಮೇಲೆ ಅರ್ಧ ಕೂರಿಸಿ ಒರಗಿಸಿದರು. ಬೆರಳ ತುದಿಗೆ ಕ್ಲಿಪ್ಪು, ಮೂಗಿಗೆ ಆಕ್ಸಿಜನ್ನಿನ ಕೊಳವೆ. ಪಕ್ಕದ ಕಂಬಿಗೆ ಪೈಪು ನೇತು ಬಿದ್ದಿತ್ತು, ಕಪ್ಪಗೆ, ನುಣ್ಣಗೆ, ತೇವವಾಗಿದ್ದಂತೆ ಹೊಳೆಯುತ್ತ. ತೇವವೇನೂ ಇರಲಿಲ್ಲ, ಅವನ ಕಣ್ಣಿಗೆ ಹಾಗೆ ಕಂಡಿತು. ಬಾಯಿ ತೆರೆಸಿ ಸ್ಪ್ರೇ ಹೊಡೆದರು. ಹೆಸರಿಗೆ ಬಾಳೆಹಣ್ಣಿನ ರುಚಿ, ಅದರಡಿಯಲ್ಲಿ ಸೀಮೆಎಣ್ಣೆಯಂಥ ಕಹಿ. ನಾಲಿಗೆಯ ಬುಡ ಊದಿದಂತಾಯಿತು. ನುಂಗಲು ಹೋದರೆ ಗಂಟಲೇ ಇರಲಿಲ್ಲ. ಬಾಯಿಯ ನೀರು ತಾನಾಗಿ ಗದ್ದಕ್ಕಿಳಿಯಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈಗೆ ಸೂಜಿ, ಇನ್ನೊಂದಕ್ಕೆ ಕ್ಲಿಪ್ಪು. ಕಚ್ಚದಿರಲಿ ಎಂದು ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನು ಇಟ್ಟು ಪಟ್ಟಿ ಕಟ್ಟಿದರು.

"ಈಗ ತೂಕಡಿಕೆ ಬರುತ್ತೆ. ಕೆಮ್ಮು ಬಂದ್ರೆ ಕೆಮ್ಮಿ, ತಡೀಬೇಡಿ," ಎಂದರು ಡಾಕ್ಟರಮ್ಮ.

ಪೂರ್ತಿ ನಿದ್ದೆ ಬರಲಿಲ್ಲ. ಪೈಪು ನಾಲಿಗೆಯ ಮೇಲೆ ಹಾವಿನಂತೆ ಹೊರಳಿ ಹಿಂದಕ್ಕೆ ಹೋದದ್ದು ತಿಳಿಯಿತು. ಗಂಟಲ ಬಾಗಿಲು ದಾಟುವಾಗ ಕೆಮ್ಮು ಎದ್ದು ಇಡೀ ಮೈ ಮಂಚದಿಂದ ಹಾರಿತು. ಉಸಿರು ಕಟ್ಟಿತು ಎಂದುಕೊಂಡ. ಅನ್ನಿಸೋದೇ ಬೇರೆ, ಆಗೋದೇ ಬೇರೆ ಎಂದು ಯಾರೋ ಹೇಳಿದ್ದು ಜ್ಞಾಪಕ ಬಂದು ಮೂಗಿನಿಂದ ಎಳೆದು ನೋಡಿದ. ಗಾಳಿ ಬಂತು. ಇನ್ನೊಮ್ಮೆ ಎಳೆದ. ಬಂತು. ಎಲ್ಲೋ ಹತ್ತಿರದಲ್ಲಿ ಲೋಟದ ತಳದ ಪಾನಕವನ್ನು ನಳಿಕೆಯಲ್ಲಿ ಎಳೆದಂತೆ ಗೊರಗೊರ ಸದ್ದು. ಅದು ತನ್ನ ಎದೆಯೊಳಗಿನ ಕೀವನ್ನು ಹೀರುತ್ತಿರುವ ಸದ್ದು ಎಂದು ಮಂಪರಿನಲ್ಲೂ ಗೊತ್ತಾಯಿತು. ಕಣ್ಣು ತುಸು ತೆರೆದಾಗ ಕ್ಯಾಮರಾದ ಪರದೆ ಕಂಡಿತು: ಗುಲಾಬಿ ಬಣ್ಣದ ಒದ್ದೆ ಸುರಂಗ, ಅದರ ಕೊನೆಯಲ್ಲಿ ಬಿಳಿ ಹಳದಿಯ ಕೊಳೆ ತುಂಬಿದ ಬಿಲ. ಆ ಬಿಲದಲ್ಲೇ ತಾನು ಇಷ್ಟು ಕಾಲ ಉಸಿರಾಡಿದ್ದು. ಕಣ್ಣು ಮುಚ್ಚಿಕೊಂಡ.

"ಸಿಕ್ತು. ಹಿಡಿದಿದೆ... ಜಾರಿತು. ಇನ್ನೊಂದ್ಸಲ ಇಕ್ಕಳ ಕೊಡಿ."

ಎದೆಯೊಳಗೆ ಯಾರೋ ಬೇರು ಎಳೆದಂತಾಯಿತು. ನೋವಿರಲಿಲ್ಲ, ಎಳೆತ ಮಾತ್ರ. ಮತ್ತೆ ಜಾರಿತು. ಮೂರನೆಯ ಸಲ ಪೈಪು, ಇಕ್ಕಳ, ಅದರ ತುದಿಗೆ ಕಚ್ಚಿಕೊಂಡದ್ದು ಎಲ್ಲವೂ ಒಟ್ಟಿಗೆ ಗಂಟಲಿನಿಂದ ಹೊರಬಂದವು. ಅದರ ಹಿಂದೆಯೇ ಕೆಮ್ಮು, ಕೆಮ್ಮಿನ ಜೊತೆ ಬೆಚ್ಚಗಿನ ಏನೋ ಅವನ ಗದ್ದದಿಂದ ಕೊರಳಿಗೆ ಹರಿಯಿತು. ಸ್ಟೀಲಿನ ತಟ್ಟೆಯಲ್ಲಿ ಟಿಣ್ ಎಂದು ಸದ್ದಾಯಿತು.

ಆಗ ನಾತ ಬಂತು. ಈ ಸಲ ಅವನಿಗೂ ಬಂತು. ಬಿಸಿಲಲ್ಲಿ ಮರೆತ ಮೀನಿನ ಬುಟ್ಟಿಯೋ, ಕೊಳೆತ ಮೊಟ್ಟೆಯೋ, ಎರಡೂ ಸೇರಿದ್ದೋ. ಮಾಸ್ಕ್ ಹಾಕಿಕೊಂಡಿದ್ದ ನರ್ಸಮ್ಮ "ಅಯ್ಯಪ್ಪಾ" ಎಂದು ಹಿಂದೆ ಸರಿದು ಕಿಟಕಿ ತೆರೆದಳು. ಇದನ್ನೇ ಅವನು ಗಿರಾಕಿಗಳ ಮುಖಕ್ಕೆ ಊದಿದ್ದು. ಇದನ್ನೇ ಹೆಂಡತಿ ನುಂಗಿಕೊಂಡದ್ದು.

"ಮೂಳೆನೇ," ಎಂದರು ಡಾಕ್ಟರಮ್ಮ, ತಟ್ಟೆಯನ್ನು ಬಾಗಿಸಿ. ಉಗುರಿನಷ್ಟು ಉದ್ದದ ಚೂರು, ಒಂದು ಕಡೆ ಮೊನಚು, ಬೂದು ಗಸಿ ಮೆತ್ತಿ ಮೆತ್ತಿ ಮೂಳೆಯೆಂದು ಹೇಳಲೇ ಆಗದಂತಿತ್ತು. "ಸುತ್ತ ಮಾಂಸ ಬೆಳೆದಿತ್ತು. ಅದ್ರ ಚೂರು ಪರೀಕ್ಷೆಗೆ ಕಳಿಸ್ತೀನಿ. ನಂಗೆ ನೋಡಿದ್ರೆ ಗಡ್ಡೆ ಅನ್ಸಲ್ಲ."

ಹೊರಗೆ ಮಲಗಿಸಿದ ಕಡೆಗೆ ಹೆಂಡತಿಯನ್ನು ಕರೆದರು. ನರ್ಸಮ್ಮ ಒಳ್ಳೆಯ ಮನಸ್ಸಿನಿಂದಲೇ ತಟ್ಟೆಯನ್ನು ತಂದು ಅವಳಿಗೆ ತೋರಿಸಿದಳು. ಅವಳು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ಮೂಲೆಯ ಬೇಸಿನ್ನಿಗೆ ಓಡಿ ವಾಂತಿ ಮಾಡಿಕೊಂಡಳು. ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ, ಬರಿ ಹುಳಿ ನೀರು. ಬಾಯಿ ಮುಕ್ಕಳಿಸಿ ಬಂದು ಮಂಚದ ಪಕ್ಕ ಕೂತಳು. ಅವನ ತುಟಿಯ ಕೊನೆಯಿಂದ ರಕ್ತ ಬೆರೆತ ಎಂಜಲು ಇಳಿಯುತ್ತಿತ್ತು. ತನ್ನ ಕರವಸ್ತ್ರದಿಂದ ಒರೆಸಿದಳು. ಮತ್ತೆ ಇಳಿಯಿತು, ಮತ್ತೆ ಒರೆಸಿದಳು. ಮುಖ ಕಿವುಚಿದ್ದು ಹಾಗೇ ಇತ್ತು.

"ಮೂಳೆ," ಎಂದ ಅವನು, ಮರಗಟ್ಟಿದ ಬಾಯಲ್ಲಿ.

"ನೋಡ್ದೆ. ಮಾತಾಡ್ಬೇಡಿ."

"ನೀರು."

"ಈಗ ಕೊಡಲ್ಲ. ಗಂಟಲಿಗೆ ಸ್ಪರ್ಶ ಬರೋವರೆಗೂ ಕೊಡ್ಬಾರ್ದಂತೆ. ಅದೂ ಅಲ್ಲಿಗೇ ಇಳಿದ್ರೆ ಮತ್ತೆ ಇದೇ ಕತೆ. ಸುಮ್ನೆ ಮಲಗಿ."

ಮಧ್ಯಾಹ್ನದ ಹೊತ್ತಿಗೆ ಒಂದು ಗುಟುಕು ನೀರು ಕೊಟ್ಟು, ಕೆಮ್ಮದೆ ನುಂಗಿದ್ದನ್ನು ನೋಡಿ ಮನೆಗೆ ಬಿಟ್ಟರು. ಕಫದಲ್ಲಿ ಒಂದೆರಡು ದಿನ ರಕ್ತದ ಎಳೆ ಬಂದರೆ ಹೆದರಬೇಡಿ, ಜಾಸ್ತಿ ಬಂದರೆ, ಎದೆ ನೋವು, ಏದುಸಿರು ಬಂದರೆ ತಕ್ಷಣ ಬನ್ನಿ ಎಂದು ಹೇಳಿ ಕಳಿಸಿದರು. ರಾತ್ರಿ ಸ್ವಲ್ಪ ಜ್ವರ ಬಂತು, ಹೋಯಿತು. ಮಾಂಸದ ಚೂರಿನ ವರದಿಯೂ ಬಂತು, ಕೆಟ್ಟದ್ದೇನೂ ಇರಲಿಲ್ಲ. ಮಾತ್ರೆಗಳನ್ನು ವಾರಗಟ್ಟಲೆ ನುಂಗಿದ. ಬೆಳಗಿನ ಕಫ ಬೂದಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗಿತು. ದಿನವೂ ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದ. ಅಸಹ್ಯವಾಗುತ್ತಿತ್ತು, ಆದರೂ ನೋಡುತ್ತಿದ್ದ.

ಸುದ್ದಿ ಅಕ್ಕನ ಬಾಯಿಂದ ಹರಡದೆ ಇರುತ್ತದೆಯೇ. ಒಂದು ಸಂಜೆ ಭಾವ ತಾವಾಗಿಯೇ ನೋಡಲು ಬಂದರು. ಅಣಕಿಸಿದ ಸಂಗತಿಯೂ ಅವರ ಕಿವಿಗೆ ಬಿದ್ದಿತ್ತೆಂದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಅವನು, "ಭಾವ, ಅವತ್ತು ನಾನು..." ಎಂದು ಶುರು ಮಾಡಿದ. "ಇರ್ಲಿ ಬಿಡೋ," ಎಂದರು ಅವರು, "ನೋವಾಯ್ತಾ ಪೈಪು ಹಾಕುವಾಗ?" ಹೆಂಡತಿ ಚಹಾ ಬಿಸ್ಕತ್ತು ತಂದಿಟ್ಟಳು. ಭಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ತೊಟ್ಟಿಕ್ಕುವ ಮುನ್ನ ಸುರ್ ಎಂದು ಎಳೆದುಕೊಂಡರು. ಅವನಿಗೆ ಮೊದಲಿನಷ್ಟೇ ಅಸಹ್ಯವಾಯಿತು, ರೋಮವೆಲ್ಲ ನಿಂತಿತು. ಇನ್ನೊಂದು ಬಿಸ್ಕತ್ತನ್ನು ಅವರ ಕಡೆ ಸರಿಸಿದ.

ಅಂಗಡಿಗೆ ಗಿರಾಕಿಗಳು ಒಮ್ಮೆಗೇ ಬರಲಿಲ್ಲ. ಕೆಲವರು ಬೇರೆ ಬೀದಿಯ ಅಂಗಡಿಗೆ ಹೋಗಿ ಅಲ್ಲಿಯೇ ಉಳಿದರು. ಬಂದವರ ಎದುರು ಕತ್ತಲೆ ಕೋಣೆಯಲ್ಲಿ ಬಾಗುವಾಗ ಅವನು ಉಸಿರು ಹಿಡಿದುಕೊಳ್ಳುತ್ತಿದ್ದ. ಒಮ್ಮೆ ಹಾಗೆ ಹಿಡಿದು ತಲೆ ಸುತ್ತಿ, ಲೆನ್ಸಿನ ಪೆಟ್ಟಿಗೆಯ ಮೇಲೆ ಕೈಯೂರಿದ. ಸಂಜೆಯ ವರದಿಗಳು ನಿಂತುಹೋದವು. ಹೆಂಡತಿ ಮಾತ್ರ ಇನ್ನೂ ನಡುಮನೆಯಲ್ಲೇ ಮಲಗುತ್ತಿದ್ದಳು. ಹತ್ತಿರ ಬಂದು ಏನಾದರೂ ಕೊಡುವಾಗ ಈಗಲೂ ಅವಳ ಮುಖ ಆಚೆ ತಿರುಗುತ್ತಿತ್ತು.

"ಇನ್ನೂ ಬರುತ್ತಾ?" ಎಂದು ಒಂದು ಸಲ ತಡೆಯಲಾರದೆ ಕೇಳಿದ.

"ಇಲ್ಲ. ಮೂಗಿಗೆ ಗೊತ್ತಾಗಿದೆ, ಕುತ್ತಿಗೆಗೆ ಗೊತ್ತಾಗಿಲ್ಲ. ಅದ್ರ ಪಾಡಿಗೆ ಅದು ತಿರುಗಿಬಿಡುತ್ತೆ. ನಾನೇನ್ ಮಾಡ್ಲಿ."

ರಜೆಯ ದಿನವೊಂದರ ಮಧ್ಯಾಹ್ನ ಅವಳು ದಿಂಬು ಎತ್ತಿಕೊಂಡು ಕೋಣೆಗೆ ಬಂದಳು. ನಡುಮನೆಯಲ್ಲಿ ಇರುವೆ ಎದ್ದಿದೆ, ಪುಡಿ ಹಾಕಿದ್ದೇನೆ, ಮಲಗಲು ಆಗುವುದಿಲ್ಲ ಎಂದಳು. ಮಂಚದ ಆಚೆ ತುದಿಯಲ್ಲಿ ಬೆನ್ನು ಹಾಕಿ ಮಲಗಿದಳು. ಅವನು ಬಾಯಿ ಬಿಗಿದು, ಗೋಡೆಯ ಕಡೆ ತಿರುಗಿ, ಮೂಗಿನಿಂದ ಸ್ವಲ್ಪ ಸ್ವಲ್ಪವೇ ಉಸಿರಾಡುತ್ತ ಬಿದ್ದುಕೊಂಡ.

"ಅದೇನು ಕಳ್ಳನ ಹಾಗೆ ಉಸಿರಾಡ್ತೀರಿ? ಈ ಕಡೆ ತಿರುಗಿ."

ತಿರುಗಿದ.

"ಬಾಯಿ ಬಿಡಿ."

ಬಿಟ್ಟ. ಹಾಲು ಹುಳಿತಿದೆಯೋ ಎಂದು ಪಾತ್ರೆಗೆ ಬಗ್ಗಿ ನೋಡುವಂತೆ ಅವಳು ಮೂಗನ್ನು ಹತ್ತಿರ ತಂದು, ಒಮ್ಮೆ ಮೂಸಿ, ಸ್ವಲ್ಪ ತಡೆದು ಇನ್ನೊಮ್ಮೆ ಮೂಸಿದಳು. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಬೆವರಿತು.

"ಏನು?"

"ಮಾತ್ರೆ ವಾಸನೆ," ಎಂದಳು. "ಪರ್ವಾಗಿಲ್ಲ. ಮಲಗಿ."

ಅವಳಿಗೆ ಬೇಗ ನಿದ್ದೆ ಬಂತು. ಬಾಯಿ ತುಸು ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ಊಟದ ಬೆಳ್ಳುಳ್ಳಿಯ ವಾಸನೆ ಅವಳ ಉಸಿರಿನ ಜೊತೆ ಅವನ ಮುಖಕ್ಕೆ ಬರುತ್ತಿತ್ತು. ಅವನು ಆಚೆ ತಿರುಗಲು ಹೊರಟು, ಹಾಗೇ ಇದ್ದುಬಿಟ್ಟ.